ಆನೆಗೆ ಹಗ್ಗ, ಬೀಗದ ಕೈಗೆ ಹೂವು, ಭಿಕ್ಷುವಿಗೆ ರೂಪ

"ಈ ಚಿತ್ರದಲ್ಲಿ ಏನೇನಿದೆ, ಎಷ್ಟೆಷ್ಟಿದೆ, ಥಾಯ್ ಭಾಷೆಯಲ್ಲಿ ಹೇಳಿ."

ಲ್ಯಾಪ್‌ಟಾಪ್ ಪರದೆಯ ಆ ಬದಿಯಲ್ಲಿ ಬ್ಯಾಂಕಾಕ್‌ನಲ್ಲಿ ಕುಳಿತ ಥಾಯ್ ಮಹಿಳೆ. ಈ ಬದಿಯಲ್ಲಿ ತಲಘಟ್ಟಪುರದ ನಮ್ಮ ನಡುಮನೆಯಲ್ಲಿ ಇಸ್ತ್ರಿ ಮಾಡಿದ ಚೂಡಿದಾರ್ ತೊಟ್ಟು ಕುಳಿತ ನಾನು. ಮಧ್ಯದಲ್ಲಿ ಕುಕ್ಕರ್ ಕೂಗಿಬಿಟ್ಟರೆ ಎಂಬ ಭಯಕ್ಕೆ ಅಮ್ಮ ಸ್ಟವ್ ಆರಿಸಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು. ಒಂದೂವರೆ ವರ್ಷ ಸಂಜೆಯ ಆನ್‌ಲೈನ್ ಕ್ಲಾಸಿನಲ್ಲಿ ಥಾಯ್ ಕಲಿತಿದ್ದೆ. ಪ್ರವಾಸದ ಟಿಕೆಟ್ ಬುಕಿಂಗ್ ನೋಡಿಕೊಳ್ಳುವ ಕಂಪನಿಯೊಂದು ಬೆಂಗಳೂರಿನಲ್ಲೇ ಕುಳಿತು ಥಾಯ್ ಗ್ರಾಹಕರಿಗೆ ಉತ್ತರಿಸುವ ಹುಡುಗ ಹುಡುಗಿಯರನ್ನು ಹುಡುಕುತ್ತಿತ್ತು. ಅದು ಕೊನೆಯ ಸುತ್ತು.

ಚಿತ್ರ ಸುಲಭವಾಗಿಯೇ ಇತ್ತು. ಒಂದು ಬೌದ್ಧ ದೇವಾಲಯದ ಅಂಗಳ. ಮೂವರು ಭಿಕ್ಷುಗಳು, ಎರಡು ನಾಯಿ, ಗೋಡೆಗೆ ಒರಗಿಸಿದ ಎರಡು ಛತ್ರಿ, ಮೂಲೆಯಲ್ಲೊಂದು ಆನೆ. ಪದಗಳೆಲ್ಲ ಗೊತ್ತಿದ್ದವು. "ಪ್ರ ಸಾಮ್ ಖೋನ್" ಎಂದೆ. ‘ಭಿಕ್ಷು ಮೂರು ಜನ’ ಎಂದು ನನ್ನ ಲೆಕ್ಕ. ಆಕೆಯ ಹುಬ್ಬು ಸ್ವಲ್ಪ ಮೇಲೇರಿತು. "ಮಾ ಸೋಂಗ್ ತುವಾ", ನಾಯಿ ಎರಡು. ಅದು ಸರಿಯಾಯಿತು. "ರೊಮ್ ಸೋಂಗ್ ಅನ್", ಛತ್ರಿ ಎರಡು. ಹುಬ್ಬು ಮತ್ತೆ ಏರಿತು. ಗಾಬರಿಯಲ್ಲಿ ಆನೆಗೂ "ಚಾಂಗ್ ನುಂಗ್ ಅನ್" ಎಂದುಬಿಟ್ಟೆ. ‘ಅನ್’ ಎನ್ನುವುದು ರಬ್ಬರು, ಕ್ಲಿಪ್ಪು, ಬಾಚಣಿಗೆಯಂಥ ಪುಟ್ಟ ವಸ್ತುಗಳನ್ನು ಎಣಿಸುವ ಪದ. ದೇವಾಲಯದ ಆನೆಯನ್ನು ಅವುಗಳ ಸಾಲಿಗೆ ಸೇರಿಸಿದ್ದೆ.

ಆಕೆ ನಗಲಿಲ್ಲ. "ನೀವು ಹೇಳಿದ್ದು ನನಗೆ ಅರ್ಥವಾಯಿತು. ಆದರೆ ಗ್ರಾಹಕರ ಹತ್ತಿರ ಹೀಗೆ ಮಾತನಾಡುವ ಹಾಗಿಲ್ಲ. ‘ಲಕ್-ಸ-ನ-ನಾಮ್’ ಕಲಿತು ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ಪರದೆ ಕಪ್ಪಾಯಿತು. ಅಮ್ಮ ಮತ್ತೆ ಸ್ಟವ್ ಹಚ್ಚಿದಳು, ಏನೂ ಕೇಳಲಿಲ್ಲ.

ಎಣಿಕೆಗೊಂದು ಜೊತೆಗಾರ ಪದ

‘ಲಕ್-ಸ-ನ-ನಾಮ್’ ಎಂಬುದನ್ನು ಬಿಡಿಸಿ ನೋಡಿದರೆ ಅದು ನಮ್ಮ ‘ಲಕ್ಷಣನಾಮ’ವೇ. ಸಂಸ್ಕೃತದಿಂದ ಥಾಯ್ ಭಾಷೆಗೆ ಹೋದ ನೂರಾರು ಪದಗಳಲ್ಲಿ ಅದೂ ಒಂದು. ಅವರ ‘ಫಾಸಾ’ ನಮ್ಮ ಭಾಷೆ, ‘ಆಹಾನ್’ ನಮ್ಮ ಆಹಾರ, ‘ಖ್ರೂ’ ನಮ್ಮ ಗುರು, ‘ವಿತ್ತಯಾಲೈ’ ನಮ್ಮ ವಿದ್ಯಾಲಯ. ಬ್ಯಾಂಕಾಕ್‌ನ ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಹಾಗಾಗಿ ಥಾಯ್ ಪದಗಳನ್ನು ನೆನಪಿಟ್ಟುಕೊಳ್ಳುವುದು ನನಗೆ ಅಷ್ಟು ಕಷ್ಟವಾಗಿರಲಿಲ್ಲ. ಎಡವಿದ್ದು ಎಣಿಸುವಲ್ಲಿ.

ಥಾಯ್ ಭಾಷೆಯಲ್ಲಿ ‘ಮೂರು ನಾಯಿ’ ಎಂದು ನೇರವಾಗಿ ಹೇಳುವಂತಿಲ್ಲ. ಮೊದಲು ವಸ್ತುವಿನ ಹೆಸರು, ಆಮೇಲೆ ಸಂಖ್ಯೆ, ಆಮೇಲೆ ಆ ವಸ್ತು ಯಾವ ಬಗೆಯದು ಎಂದು ತಿಳಿಸುವ ಇನ್ನೊಂದು ಪದ. ಆ ಮೂರನೆಯದೇ ಲಕ್ಷಣನಾಮ. ಮನುಷ್ಯರಿಗೆ ‘ಖೋನ್’. ಪ್ರಾಣಿಗಳಿಗೆ ‘ತುವಾ’. ಪುಸ್ತಕಕ್ಕೆ ‘ಲೆಮ್’, ಕಾರಿಗೆ ‘ಖನ್’, ಮನೆಗೆ ‘ಲಂಗ್’, ದೋಣಿಗೂ ವಿಮಾನಕ್ಕೂ ‘ಲಮ್’. ನಮ್ಮ ಕ್ಲಾಸಿನಲ್ಲಿ ಇದರ ಉದ್ದನೆಯ ಪಟ್ಟಿ ಕೊಟ್ಟಿದ್ದರು. ಪಟ್ಟಿ ನೋಡಿ ಹೆದರಿ, "ಗೊತ್ತಿಲ್ಲದಿದ್ದರೆ ಅನ್ ಹಾಕಿಬಿಡಿ" ಎಂದು ಯಾರೋ ಹೇಳಿದ್ದನ್ನೇ ವೇದವಾಕ್ಯ ಮಾಡಿಕೊಂಡಿದ್ದೆ.

ಪಟ್ಟಿ ಉದ್ದವೇನೋ ಹೌದು. ಥಾಯ್ಲೆಂಡಿನ ರಾಜಪಂಡಿತ ಸಭೆ ಲಕ್ಷಣನಾಮಗಳಿಗೆಂದೇ ಒಂದು ಪುಸ್ತಕ ಪ್ರಕಟಿಸಿದೆ. ಕೊಳಲು ಎಣಿಸಲು ಒಂದು ಪದ, ಹಲ್ಲು ಎಣಿಸಲು ಇನ್ನೊಂದು, ನಕ್ಷತ್ರಕ್ಕೆ ಮತ್ತೊಂದು. ಅಲ್ಲಿನ ಶಾಲಾ ಮಕ್ಕಳಿಗೂ ಇದನ್ನು ಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಕೇಳುತ್ತಾರೆ. ಅಂದಮೇಲೆ ನಾನು ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಸಮಾಧಾನದಿಂದ ಕೆಲಸ ಸಿಗುವುದಿಲ್ಲವಲ್ಲ.

‘ಮೂರು ಅಣ್ಣ ಬಂದಿದೆ’

ದಾರಿ ತೋರಿಸಿದ್ದು ನಮ್ಮ ಬೀದಿಯ ಪಿ.ಜಿ.ಯಲ್ಲಿರುವ ಅಸ್ಸಾಮಿನ ಗೆಳತಿ. ಅವಳು ಕನ್ನಡ ಕಲಿಯುತ್ತಿದ್ದಾಳೆ. ಒಂದು ದಿನ ನೀರಿನ ಟ್ಯಾಂಕ್ ತೊಳೆಯಲು ಮೂವರು ಬಂದಾಗ ಪಿ.ಜಿ. ಆಂಟಿಗೆ ಕೂಗಿ ಹೇಳಿದ್ದಳು: "ಆಂಟಿ, ಮೂರು ಅಣ್ಣ ಬಂದಿದೆ!" ಆಂಟಿ ನಕ್ಕರು, ಬಂದಿದ್ದ ಅಣ್ಣಂದಿರೂ ನಕ್ಕರು, ಅಲ್ಲೇ ಇದ್ದ ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. "ಮೂರು ಅಣ್ಣ ಅಲ್ಲ ಕಣೇ, ಮೂರು ಜನ ಅನ್ನಬೇಕು. ಇಲ್ಲಾಂದ್ರೆ ಮೂವರು. ಬಂದಿದೆ ಅಲ್ಲ, ಬಂದಿದ್ದಾರೆ" ಎಂದು ತಿದ್ದಿದ್ದೆ. ಯಾಕೆ ಹಾಗೆ ಎಂದು ಅವಳು ಕೇಳಿದ್ದಳು. ಉತ್ತರ ಗೊತ್ತಿರಲಿಲ್ಲ. "ಅದು ಹಂಗೇ" ಎಂದಿದ್ದೆ.

ಇಂಟರ್‌ವ್ಯೂ ಕಥೆ ಕೇಳಿದ ಮೇಲೆ ಈ ಸಲ ನಗುವ ಸರದಿ ಅವಳದಾಗಿತ್ತು. "ನೀನು ಆನೆಗೆ ಮಾಡಿದ್ದನ್ನೇ ನಾನು ಅಣ್ಣನಿಗೆ ಮಾಡಿದ್ದೆ" ಎಂದಳು. ಆಮೇಲೆ ಹೇಳಿದಳು: ಅವಳ ಅಸ್ಸಾಮಿ ಭಾಷೆಯಲ್ಲೂ ಇಂಥ ಪದಗಳು ಬೇಕಾದಷ್ಟಿವೆ. ಗೌರವದಿಂದ ಮನುಷ್ಯರನ್ನು ಎಣಿಸುವಾಗ ‘ಜನ್’, ಹಗ್ಗದಂಥ ಉದ್ದನೆಯ ವಸ್ತುವಿಗೆ ‘ಡಾಲ್’. 13ನೇ ಶತಮಾನದಲ್ಲಿ ಅಸ್ಸಾಮಿಗೆ ಬಂದು ರಾಜ್ಯ ಕಟ್ಟಿದ ಅಹೋಮರು ಥಾಯ್ ಜನರ ದೂರದ ಬಂಧುಗಳು ಎಂಬುದನ್ನೂ ಅವಳಿಂದಲೇ ತಿಳಿದೆ.

ಆ ರಾತ್ರಿ ‘ಅದು ಹಂಗೇ’ ಎಂಬ ನನ್ನ ಉತ್ತರ ಕಾಡಿತು. ಹೈಸ್ಕೂಲಿನ ವ್ಯಾಕರಣ ನೆನಪಾಯಿತು. ಒಂದು, ಎರಡು, ಮೂರು ಎಂಬುವು ಸಂಖ್ಯಾವಾಚಕ. ಒಬ್ಬ, ಇಬ್ಬರು, ಮೂವರು ಎಂಬುವು ಸಂಖ್ಯೇಯವಾಚಕ. ಪರೀಕ್ಷೆಗೆ ಓದಿ ಮರೆತಿದ್ದ ಪಾಠ. ಒಂದು ನಾಯಿ, ಆದರೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಎರಡು ಮರ, ಆದರೆ ಇಬ್ಬರು ಮೇಷ್ಟ್ರು. ‘ಎರಡು ಮೇಷ್ಟ್ರು’ ಎಂದರೆ ಅರ್ಥವಾಗುತ್ತದೆ, ಮೇಷ್ಟ್ರಿಗೆ ಮಾತ್ರ ಸಿಟ್ಟು ಬರುತ್ತದೆ. ಐವರವರೆಗೆ ಸಲೀಸಾಗಿ ಬರುವ ಈ ರೂಪಗಳು ಆರಕ್ಕೆ ಬಂದಾಗ ನಮ್ಮ ಮಾತಿನಲ್ಲಿ ನಿಂತುಬಿಡುತ್ತವೆ. ಆಗ ‘ಆರು ಜನ’ ಎನ್ನುತ್ತೇವೆ, ಉತ್ತರ ಕರ್ನಾಟಕದವರು ‘ಆರು ಮಂದಿ’ ಎನ್ನುತ್ತಾರೆ. ಆ ‘ಜನ’, ‘ಮಂದಿ’ ಮಾಡುವ ಕೆಲಸವನ್ನೇ ಥಾಯ್‌ನ ‘ಖೋನ್’ ಮಾಡುತ್ತದೆ. ನಾವು ಮನುಷ್ಯರಿಗೆ ಮಾತ್ರ ಮಾಡುವುದನ್ನು ಅವರು ಲೋಕದ ಎಲ್ಲ ವಸ್ತುಗಳಿಗೂ ಮಾಡುತ್ತಾರೆ.

ಆಮೇಲೆ ಓದುವಾಗ ತಿಳಿಯಿತು, ಇದನ್ನು ದೊಡ್ಡ ವಿದ್ವಾಂಸರೂ ಗಮನಿಸಿದ್ದಾರೆ. ಕೊಡವ, ತೋಡ ಭಾಷೆಗಳ ಮೇಲೆ ಕೆಲಸ ಮಾಡಿದ ಎಂ.ಬಿ. ಎಮಿನೊ 1956ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ, ಬೇರೆ ಬೇರೆ ಕುಟುಂಬಕ್ಕೆ ಸೇರಿದ ಭಾರತದ ಭಾಷೆಗಳು ಒಟ್ಟಿಗೆ ಬಾಳಿ ಒಂದನ್ನೊಂದು ಹೋಲತೊಡಗಿದ್ದನ್ನು ವಿವರಿಸಿದರು. ಅದಕ್ಕೆ ಅವರು ತೆಗೆದುಕೊಂಡ ಉದಾಹರಣೆಗಳಲ್ಲಿ ಎಣಿಕೆಯ ಜೊತೆ ಬರುವ ಇಂಥ ಪದಗಳೂ ಇದ್ದವು.

ಅಮ್ಮನ ಸಾಮಾನು ಚೀಟಿ

ಎರಡನೆಯ ಪಾಠ ಅಮ್ಮನ ಚೀಟಿಯಲ್ಲಿತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಂಗಡಿಗೆ ಕಳಿಸುವಾಗ ಬರೆದುಕೊಟ್ಟಿದ್ದಳು: ಹೂವು ನಾಲ್ಕು ಮೊಳ. ಬಾಳೆಹಣ್ಣು ಎರಡು ಚಿಪ್ಪು. ವೀಳ್ಯದೆಲೆ ಒಂದು ಕಟ್ಟು. ಕೊತ್ತಂಬರಿ ಸೊಪ್ಪು ಎರಡು ಕಟ್ಟು. ಬೆಲ್ಲ ಎರಡು ಅಚ್ಚು.

ಬನಶಂಕರಿ ಮಾರ್ಕೆಟಿನಲ್ಲಿ ನಿಂತು ಚೀಟಿ ಬಿಚ್ಚಿದಾಗ ಹೊಳೆಯಿತು. ಹೆಸರು, ಸಂಖ್ಯೆ, ಅಳತೆಯ ಪದ. ಇದು ಥಾಯ್ ವಾಕ್ಯದ ಕ್ರಮವೇ! ‘ಮಾ ಸಾಮ್ ತುವಾ’ ಎಂಬುದನ್ನು ಇಂಗ್ಲಿಷಿನ ಕನ್ನಡಕ ಹಾಕಿಕೊಂಡು ನೋಡಿದಾಗ ಹಿಂದುಮುಂದಾಗಿ ಕಾಣುತ್ತಿತ್ತು. ಅಮ್ಮನ ಚೀಟಿಯಂತೆ ಓದಿದರೆ ಎಲ್ಲವೂ ಸರಿಯಾದ ಜಾಗದಲ್ಲಿತ್ತು.

ಇನ್ನೊಂದು ಸಂಗತಿಯೂ ಅಲ್ಲೇ ಕಂಡಿತು. ಹೂವಿನ ಅಂಗಡಿಯ ಮುಂದೆ ನಿಂತವರು "ನಾಲ್ಕು ಮೊಳ ಕೊಡಿ" ಎನ್ನುತ್ತಾರೆ. ‘ಹೂವು’ ಎಂಬ ಪದ ಬರುವುದೇ ಇಲ್ಲ. "ಎರಡು ಚಿಪ್ಪು" ಎಂದರೆ ಬಾಳೆಹಣ್ಣು, "ಆರು ತೊಳೆ" ಎಂದರೆ ಹಲಸಿನಹಣ್ಣು, "ನಾಲ್ಕು ಎಸಳು ಜಜ್ಜಿ ಹಾಕು" ಎಂದರೆ ಬೆಳ್ಳುಳ್ಳಿ. ಎಣಿಸುವ ಪದವೇ ವಸ್ತುವಿನ ಗುರುತು ಹೇಳಿಬಿಡುತ್ತದೆ. ಥಾಯ್ಲೆಂಡಿನ ಬಟ್ಟೆ ಅಂಗಡಿಯಲ್ಲೂ ಹೀಗೆಯೇ. ಅಂಗಿಯೊಂದನ್ನು ತೋರಿಸಿ "ತುವಾ ನೀ ತಾವ್‌ರೈ?" ಎಂದರೆ ಸಾಕು, ‘ಇದಕ್ಕೆಷ್ಟು?’ ಎಂದಂತೆ. ಅಂಗಿ ಎಂಬ ಪದ ಬೇಕಿಲ್ಲ. ಮರುದಿನ ನಾನು ಈ ವಿಷಯವನ್ನು ನನ್ನ ಟೀಚರಿಗೆ ಹೇಳಿದಾಗ, "ಲಕ್ಷಣನಾಮ ಬರದವರಿಗೆ ಥಾಯ್ ಮಾತನಾಡಲು ಮಾತ್ರವಲ್ಲ, ಕೇಳಿಸಿಕೊಳ್ಳಲೂ ಬರುವುದಿಲ್ಲ" ಎಂದರು. ಆ ಮಾತಿನ ತೂಕ ನನಗೆ ತಿಳಿದದ್ದು ತಡವಾಗಿ.

ತಾತನ ನೂರು ಮೊಟ್ಟೆ

ಎಣಿಸುವ ಪದ ಗೊತ್ತಿಲ್ಲದಿದ್ದರೆ ಎಂಥ ಎಡವಟ್ಟಾಗುತ್ತದೆ ಎನ್ನಲು ನಮ್ಮ ಮನೆಯದೇ ಒಂದು ಉದಾಹರಣೆ ಇದೆ. ಕನಕಪುರದ ಕಡೆ ನಮ್ಮ ತಾತ ರೇಷ್ಮೆ ಹುಳು ಮೇಯಿಸುತ್ತಿದ್ದರು. "ಈ ಸಲ ನೂರು ಮೊಟ್ಟೆ ತಂದಿದ್ದೀನಿ" ಎಂದು ಅವರು ಹೇಳಿದರೆ, ಚಿಕ್ಕವಳಾಗಿದ್ದ ನಾನು ನೂರು ಹುಳುಗಳು ಬರುತ್ತವೆ ಎಂದುಕೊಂಡಿದ್ದೆ. ಕೆಲವೇ ದಿನಕ್ಕೆ ತಟ್ಟೆಗಳ ತುಂಬ ಹುಳುವೋ ಹುಳು. ರೇಷ್ಮೆ ರೈತರ ಲೆಕ್ಕದಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು. ಅದರಲ್ಲಿ ಸುಮಾರು 400ರಿಂದ 500 ಮೊಟ್ಟೆಗಳಿರುತ್ತವೆ. ತಾತನ ನೂರು ಮೊಟ್ಟೆ ಎಂದರೆ ನಲವತ್ತೈವತ್ತು ಸಾವಿರ ಹುಳು! ನಮ್ಮ ತಲಘಟ್ಟಪುರದಲ್ಲೇ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇದೆ, ಪಕ್ಕದ ಮೆಟ್ರೊ ನಿಲ್ದಾಣಕ್ಕೆ ‘ರೇಷ್ಮೆ ಸಂಸ್ಥೆ’ ಎಂದೇ ಹೆಸರು. ದಿನಾ ಆ ಬೋರ್ಡು ನೋಡುವಾಗ ತಾತನ ಲೆಕ್ಕ ನೆನಪಾಗುತ್ತದೆ. ಮೊಟ್ಟೆ ಎಂಬ ಪದ ಗೊತ್ತಿದ್ದರೆ ಸಾಲದು, ಅದನ್ನು ಯಾರು, ಯಾವುದಕ್ಕೆ, ಹೇಗೆ ಎಣಿಸುತ್ತಾರೆ ಎಂಬುದೂ ಗೊತ್ತಿರಬೇಕು.

ವಸ್ತುವನ್ನು ಅವರ ಕಣ್ಣಿನಿಂದ ನೋಡಿದರೆ

ಅಲ್ಲಿಂದ ನಾನು ಪಟ್ಟಿಯನ್ನು ಉರು ಹೊಡೆಯುವುದು ಬಿಟ್ಟೆ. ಪ್ರತಿ ಪದಕ್ಕೂ ‘ಅವರಿಗೆ ಇದರಲ್ಲಿ ಏನು ಕಾಣಿಸಿರಬಹುದು?’ ಎಂದು ಕೇಳಿಕೊಳ್ಳತೊಡಗಿದೆ.

‘ತುವಾ’ ಎಂದರೆ ಮೈ, ದೇಹ. ನಾಯಿ, ಮೀನುಗಳಿಗೆ ಅದು ಸಹಜ. ಆದರೆ ಮೇಜು, ಕುರ್ಚಿ, ಅಂಗಿ, ಪ್ಯಾಂಟುಗಳಿಗೂ ತುವಾ! ಯೋಚಿಸಿದರೆ ಮೇಜಿಗೆ ನಾಲ್ಕು ಕಾಲಿದೆ, ಪ್ಯಾಂಟಿಗೆ ಎರಡು ಕಾಲಿದೆ, ಅಂಗಿಗೆ ತೋಳಿದೆ. ಕೈಕಾಲಿದ್ದ ಮೇಲೆ ಮೈ ಇರಲೇಬೇಕಲ್ಲವೇ? ‘ಖನ್’ ಎಂಬುದು ಕಾರಿಗೂ ಸೈಕಲ್ಲಿಗೂ ಬರುತ್ತದೆ, ಜೊತೆಗೆ ಛತ್ರಿ ಮತ್ತು ಚಮಚಕ್ಕೂ ಬರುತ್ತದೆ. ಛತ್ರಿ, ಚಮಚಗಳ ಉದ್ದನೆಯ ಹಿಡಿ ನೆನಪಿಟ್ಟುಕೊಂಡರೆ ಸಾಕು. ‘ಬೈ’ ಎಂದರೆ ಎಲೆ. ಟಿಕೆಟ್ಟಿಗೆ ಅದೇ, ತಟ್ಟೆಗೂ ಅದೇ, ಚೀಲ, ಟೋಪಿಗಳಿಗೂ ಅದೇ. ಬಾಳೆಲೆಯಲ್ಲಿ ಉಂಡು, ಮುತ್ತುಗದೆಲೆಯನ್ನು ಹೊಲಿದು ತಟ್ಟೆ ಮಾಡಿದ ನಮಗೆ ಎಲೆಗೂ ತಟ್ಟೆಗೂ ಇರುವ ನೆಂಟಸ್ತಿಕೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

‘ದೋಕ್’ ಎಂದರೆ ಹೂವು. ಹೂವನ್ನು ಎಣಿಸಲು ಅದೇ ಪದ, ಊದುಬತ್ತಿಗೂ ಅದೇ, ಬೀಗದ ಕೈಗೂ ಅದೇ. ಉದ್ದನೆಯ ಕಾಂಡ, ತುದಿಯಲ್ಲಿ ಅರಳಿದ ಭಾಗ ಎಂದು ನಾನು ಚಿತ್ರ ಬರೆದುಕೊಂಡೆ. ಮೊಟ್ಟೆಗೆ ‘ಫೋಂಗ್’. ಅದೇ ಪದಕ್ಕೆ ನೊರೆ, ಗುಳ್ಳೆ ಎಂಬ ಅರ್ಥವೂ ಇದೆ. ರೈಲಿಗೆ ‘ಖಬುವನ್’, ಅಂದರೆ ಮೆರವಣಿಗೆ. ರೈಲಿನ ಬೋಗಿಗೆ ‘ತೂ’, ಅಂದರೆ ಕಪಾಟು. ನಮ್ಮ ಹಸಿರು ಮಾರ್ಗದ ಮೆಟ್ರೊ ಆರು ಕಪಾಟುಗಳ ಒಂದು ಮೆರವಣಿಗೆ. ಬೆಳಗಿನ ಎಂಟೂವರೆಗೆ ಅದರಲ್ಲಿ ನಿಂತು ನೋಡಿ, ಕಪಾಟು ಎಂಬ ಮಾತು ಎಷ್ಟು ಸರಿ ಎಂದು ತಿಳಿಯುತ್ತದೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಆನೆಯ ಲೆಕ್ಕ. ಸಾಕಾನೆಯನ್ನು ‘ಚುಅಕ್’ ಎಂದು ಎಣಿಸುತ್ತಾರೆ. ಚುಅಕ್ ಎಂದರೆ ಹಗ್ಗ. ಕಾಡಾನೆಯಾದರೆ ‘ತುವಾ’, ಉಳಿದ ಪ್ರಾಣಿಗಳಂತೆ ಬರೀ ಮೈ. ಬನ್ನೇರುಘಟ್ಟದ ಕಾಡು ನಮಗೆ ದೂರವೇನಲ್ಲ. ಕನಕಪುರ ರಸ್ತೆಯ ಹಳ್ಳಿಗಳವರಿಗೆ ತೋಟಕ್ಕೆ ನುಗ್ಗುವ ಆನೆಗೂ ದಸರೆಯಲ್ಲಿ ನಡೆಯುವ ಆನೆಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ನಾವು ಆ ವ್ಯತ್ಯಾಸವನ್ನು ಹೆಸರಿನಲ್ಲೇ ಹೇಳುತ್ತೇವೆ, ಕಾಡಾನೆ, ಸಾಕಾನೆ ಎಂದು. ಥಾಯ್ ಜನ ಎಣಿಕೆಯಲ್ಲಿ ಹೇಳುತ್ತಾರೆ. ಮೈಸೂರಿನ ದಸರಾ ಆನೆಗಳು ಚುಅಕ್, ರಾಗಿ ಹೊಲಕ್ಕೆ ಬಂದವು ತುವಾ. ಇನ್ನು ಹೀಗೆ ಬಿಡಿಸಿಕೊಂಡ ಮೇಲೆ ಮರೆಯುವುದು ಹೇಗೆ?

ಕೊನೆಗೆ ನನ್ನನ್ನು ಬೀಳಿಸಿದ ಭಿಕ್ಷುಗಳು. ಭಿಕ್ಷುಗಳಿಗೆ ‘ಖೋನ್’ ಹಾಕುವಂತಿಲ್ಲ. ಅವರಿಗೆ ‘ರೂಪ್’, ನಮ್ಮ ‘ರೂಪ’ವೇ. ಬುದ್ಧನ ವಿಗ್ರಹಕ್ಕೆ ‘ಒಂಗ್’, ಅದು ನಮ್ಮ ‘ಅಂಗ’. ಕಥೆಯಲ್ಲಿ ಬರುವ ಯಕ್ಷರಿಗೆ ‘ತೊನ್’. ಗಣ್ಯರಿಗೆ ‘ತಾನ್’. ಇಲ್ಲಿ ಆಕಾರದ ಮಾತಿಲ್ಲ, ಮರ್ಯಾದೆಯ ಮಾತು. ‘ಎರಡು ಸ್ವಾಮೀಜಿ ಬಂದಿದೆ’ ಎಂದು ಯಾರಾದರೂ ಹೇಳಿದರೆ ನಮಗೆ ಹೇಗಾದೀತು? ನನ್ನ ‘ಸಾಮ್ ಖೋನ್’ ಅಷ್ಟು ಒರಟಲ್ಲದಿದ್ದರೂ ಅದೇ ದಾರಿಯದು. ಆ ಹುಬ್ಬು ಯಾಕೆ ಏರಿತೆಂದು ಆಗ ಗೊತ್ತಾಯಿತು.

ಒಂದು ನಿಲ್ದಾಣಕ್ಕೆ ಒಂದು ಪದ

ಆ ಮೂರು ತಿಂಗಳು ನಾನು ಜಯನಗರದ ಆಡಿಟರ್ ಕಚೇರಿಯೊಂದರಲ್ಲಿ ಅರೆಕಾಲಿಕ ಕೆಲಸಕ್ಕೆ ಹೋಗುತ್ತಿದ್ದೆ. ತಲಘಟ್ಟಪುರದಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಇಳಿದರೆ ಏಳು ನಿಲ್ದಾಣ. ಒಂದೊಂದಕ್ಕೆ ಒಂದೊಂದು ಲಕ್ಷಣನಾಮ ಎಂದು ನಿಯಮ ಮಾಡಿಕೊಂಡೆ. ವಾಜರಹಳ್ಳಿ ಬರುವವರೆಗೆ ಕಿಟಕಿಯಿಂದ ಕಾಣುವ ಮನೆಗಳನ್ನು ‘ಲಂಗ್’ನಲ್ಲಿ ಎಣಿಸುವುದು. ದೊಡ್ಡಕಲ್ಲಸಂದ್ರದವರೆಗೆ ಬೋಗಿಯಲ್ಲಿರುವ ಜನ, ‘ಖೋನ್’. ಕೋಣನಕುಂಟೆ ಕ್ರಾಸ್‌ವರೆಗೆ ಕೆಳಗಿನ ರಸ್ತೆಯ ಕಾರುಗಳು, ‘ಖನ್’. ಅಲ್ಲಿನ ಟ್ರಾಫಿಕ್ಕಿನ ದೆಸೆಯಿಂದ ನನಗೆ ಥಾಯ್‌ನಲ್ಲಿ ನೂರರವರೆಗೆ ಎಣಿಸಲು ಬಂತು! ಯಲಚೇನಹಳ್ಳಿಗೆ ಚೀಲಗಳು, ‘ಬೈ’. ಜೆ.ಪಿ. ನಗರಕ್ಕೆ ಅಂಗಿಗಳು, ‘ತುವಾ’. ಬನಶಂಕರಿಗೆ ಮುಡಿದ ಗುಲಾಬಿಗಳು, ‘ದೋಕ್’. ಆರ್.ವಿ. ರಸ್ತೆಗೆ ಕಾಲೇಜು ಹುಡುಗರ ಕೈಯಲ್ಲಿನ ಪುಸ್ತಕಗಳು, ‘ಲೆಮ್’. ಪುಸ್ತಕ ಹಿಡಿದವರು ಕಡಿಮೆ, ಎಲ್ಲರ ಕೈಯಲ್ಲೂ ಫೋನು. ಫೋನು ಯಂತ್ರವಾದ್ದರಿಂದ ಅದಕ್ಕೆ ‘ಕ್ರುಅಂಗ್’ ಎಂದು ಕೊನೆಗೆ ಅದನ್ನೂ ಸೇರಿಸಿಕೊಂಡೆ.

ಥಾಯ್ ಮಾತ್ರವಲ್ಲ, ಜಪಾನಿ, ಚೀನಿ, ಕೊರಿಯನ್, ವಿಯೆಟ್ನಾಮಿ ಭಾಷೆಗಳನ್ನು ಕೆಲಸಕ್ಕಾಗಿ ಕಲಿಯುತ್ತಿರುವ ಗೆಳೆಯರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಆ ಭಾಷೆಗಳಲ್ಲೂ ಇಂಥ ಪದಗಳಿವೆ. ಬಿದ್ದು ಕಲಿತ ನಾಲ್ಕು ಮಾತು ಅವರಿಗೆ ಉಪಯೋಗವಾದೀತು.

ಹೊಸ ಪದ ಬರೆದುಕೊಳ್ಳುವಾಗ ಒಂಟಿಯಾಗಿ ಬರೆಯಬೇಡಿ. ಪಕ್ಕದಲ್ಲೇ ಅದರ ಎಣಿಕೆಯ ಪದವನ್ನೂ ಬರೆಯಿರಿ. ‘ರೊಮ್’ ಎಂದಲ್ಲ, ‘ರೊಮ್ ಸೋಂಗ್ ಖನ್’ ಎಂದೇ ಬಾಯಿಪಾಠವಾಗಲಿ. ಆಮೇಲೆ ಅಂಟಿಸಲು ಹೋದರೆ ಅಂಟುವುದಿಲ್ಲ.

ಇಡೀ ಪಟ್ಟಿಯ ಹಿಂದೆ ಬೀಳಬೇಡಿ. ದಿನದ ಮಾತಿಗೆ ನನಗೆ ಹದಿನೈದು ಪದಗಳು ಸಾಕಾದವು. ಹೋಟೆಲಿನಲ್ಲಂತೂ ಚಿಂತೆಯೇ ಇಲ್ಲ. ನಾವು ‘ಎರಡು ಪ್ಲೇಟ್ ಇಡ್ಲಿ’ ಎನ್ನುವಂತೆ ಅವರೂ ತಟ್ಟೆ, ಲೋಟ, ಬಾಟಲಿಯ ಲೆಕ್ಕದಲ್ಲೇ ಕೇಳುತ್ತಾರೆ. ಕೋಣೆ, ದೇಶದಂಥ ಕೆಲವು ಪದಗಳಿಗೆ ಅದೇ ಪದವೇ ಎಣಿಕೆಗೂ ಬರುತ್ತದೆ.

‘ಅನ್’ ಕೆಟ್ಟದ್ದಲ್ಲ. ಥಾಯ್ ಜನರೂ ಮಾತಿನ ಭರದಲ್ಲಿ ಬಳಸುತ್ತಾರೆ. ಆದರೆ ಜೀವವಿರುವುದಕ್ಕೆ ಬಳಸಬೇಡಿ. ಗೊತ್ತಾಗದಿದ್ದರೆ ಕೇಳಿ. "ಚೈ ಲಕ್ಸನನಾಮ್ ಅರೈ?" ಎಂದರೆ ‘ಯಾವ ಲಕ್ಷಣನಾಮ ಹಾಕಬೇಕು?’ ಎಂದರ್ಥ. ಕೇಳಿದರೆ ಖುಷಿಯಿಂದ ಹೇಳಿಕೊಡುತ್ತಾರೆ. ಕೆಲವು ಸಲ ಅವರಿಗೂ ಗೊತ್ತಿರುವುದಿಲ್ಲ, ಆಗ ಇಬ್ಬರೂ ಸೇರಿ ಹುಡುಕಬಹುದು.

ಐದು ರೂಪ್, ಮೂರು ಖೋನ್

ಮೂರು ತಿಂಗಳ ಮೇಲೆ ಅದೇ ಮಹಿಳೆ, ಬೇರೆ ಚಿತ್ರ. ಮಾರುಕಟ್ಟೆ, ದೋಣಿ, ಮೊಟ್ಟೆ, ಚಾಕು. ದೋಣಿಯಲ್ಲಿ ಒಬ್ಬರು ಭಿಕ್ಷು. "ಪ್ರ ನುಂಗ್ ರೂಪ್" ಎಂದೆ. ಹುಬ್ಬು ಇದ್ದಲ್ಲೇ ಇತ್ತು. ಚಾಕುವಿಗೆ ತಡವರಿಸಿದೆ, ಆಮೇಲೆ ಪುಸ್ತಕದ ‘ಲೆಮ್’ ಚಾಕುವಿಗೂ ಆಗುತ್ತದೆ ಎಂದು ನೆನಪಾಯಿತು. ಕೆಲಸ ಸಿಕ್ಕಿತು. ಅಮ್ಮ ಈ ಸಲ ಕುಕ್ಕರನ್ನು ಮೊದಲೇ ಇಳಿಸಿಟ್ಟಿದ್ದಳು.

ಈಗ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತೇನೆ. ಸೇರಿ ಎರಡನೇ ತಿಂಗಳಲ್ಲಿ ಒಂದು ಸಂದೇಶ ಬಂತು. ಬ್ಯಾಂಕಾಕ್‌ನಿಂದ ಗಯಾಕ್ಕೆ ಟಿಕೆಟ್ ಬೇಕು. ಬುದ್ಧನಿಗೆ ಜ್ಞಾನೋದಯವಾದ ಬೋಧಗಯಾಕ್ಕೆ ಥಾಯ್ ಯಾತ್ರಿಕರು ಬಹಳ ಬರುತ್ತಾರೆ, ಅಲ್ಲಿ ಥಾಯ್ ದೇವಾಲಯವೇ ಇದೆ. ಎಷ್ಟು ಜನ ಎಂಬ ಜಾಗದಲ್ಲಿ ಹೀಗಿತ್ತು: ‘5 ರೂಪ್, 3 ಖೋನ್’. ಅಷ್ಟೇ. ಭಿಕ್ಷು ಎಂಬ ಪದ ಇಡೀ ಸಂದೇಶದಲ್ಲಿ ಎಲ್ಲೂ ಇರಲಿಲ್ಲ.

ನನ್ನ ಜೊತೆ ತರಬೇತಿಯಲ್ಲಿದ್ದ ಹುಡುಗ ಅನುವಾದದ ಆ್ಯಪಿಗೆ ಹಾಕಿ ನೋಡಿದ. ‘ರೂಪ್’ ಎಂದರೆ ಚಿತ್ರ, ಫೋಟೊ ಎಂಬ ಅರ್ಥವೂ ಇದೆ. "ಐದು ಫೋಟೊ, ಮೂರು ಜನ. ಮೂರೇ ಟಿಕೆಟ್, ಪಾಸ್‌ಪೋರ್ಟ್ ಫೋಟೊ ಐದು ಕಳಿಸ್ತಾರೆ ಅನ್ಸುತ್ತೆ" ಎಂದ. ಒಂದು ಕ್ಷಣ ಯೋಚಿಸಿದೆ. ಹೂವಿನ ಅಂಗಡಿಯ ಮುಂದೆ "ನಾಲ್ಕು ಮೊಳ" ಎಂದವರಿಗೆ ಅಂಗಡಿಯವಳು ಯಾವುದು ಎಂದು ಕೇಳುವುದಿಲ್ಲ. "ಅಲ್ಲ ಕಣೋ, ಇದು ಎಂಟು ಸೀಟು. ಐವರು ಭಿಕ್ಷುಗಳು, ಜೊತೆಗೆ ಮೂವರು ಗೃಹಸ್ಥರು" ಎಂದೆ.

ಅದು ಬರೀ ಲೆಕ್ಕದ ವಿಷಯವಾಗಿರಲಿಲ್ಲ. ಥಾಯ್ ಭಿಕ್ಷುಗಳು ಹೆಂಗಸರನ್ನು ಮುಟ್ಟುವಂತಿಲ್ಲ, ಹಾಗಾಗಿ ಅವರ ಪಕ್ಕದ ಸೀಟನ್ನು ನೋಡಿ ಕೊಡಬೇಕು. ಮಧ್ಯಾಹ್ನ ಹನ್ನೆರಡರ ಮೇಲೆ ಅವರು ಊಟ ಮಾಡುವುದಿಲ್ಲ, ಹಾಗಾಗಿ ವಿಮಾನದ ಹೊತ್ತು ಮತ್ತು ಊಟವನ್ನೂ ವಿಚಾರಿಸಬೇಕು. ಇಷ್ಟೆಲ್ಲ ಸೂಚನೆ ಆ ಒಂದು ಪುಟ್ಟ ಪದದಲ್ಲಿತ್ತು. ಐವರನ್ನೂ ಒಂದೇ ಕಡೆ ಕೂರಿಸಿ, ಬೆಳಗಿನ ವಿಮಾನವಿದ್ದರೆ ಅನುಕೂಲವೇ ಎಂದು ಕೇಳಿ ಬರೆದೆ. ನನ್ನ ಉತ್ತರದಲ್ಲೂ ಭಿಕ್ಷು ಎಂಬ ಪದ ಬಳಸಲಿಲ್ಲ. ‘5 ರೂಪ್’ ಎಂದಷ್ಟೇ ಬರೆದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಧನ್ಯವಾದ ಬಂತು. ಬರೆದವರು ದೇವಾಲಯದ ಕೆಲಸಗಾರರಂತೆ, ಎಂಟೂ ಟಿಕೆಟ್ ಖಚಿತ ಮಾಡಿದರು.

ಆ ಸಂಜೆ ಮೆಟ್ರೊ ಇಳಿದು ಬರುವಾಗ ಅಸ್ಸಾಮಿನ ಗೆಳತಿ ಪಿ.ಜಿ. ಗೇಟಿನಲ್ಲಿ ಸಿಕ್ಕಳು. ಕಥೆಯೆಲ್ಲ ಹೇಳಿದೆ. "ಹಾಗಾದರೆ ಈಗಲಾದರೂ ಹೇಳು, ಮೂರು ಅಣ್ಣ ಯಾಕೆ ಅನ್ನಬಾರದು?" ಎಂದು ಕೇಳಿದಳು. ಈ ಸಲ ‘ಅದು ಹಂಗೇ’ ಎನ್ನಲಿಲ್ಲ. ಅವಳ ಜೊತೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಒಬ್ಬ, ಇಬ್ಬರು, ಮೂವರು ಎಂದು ಶುರು ಮಾಡಿದೆ.